ಸಿಡಿಯದ ಸಾಸಿವೆ

ಐವತ್ತು ದಾಟಿದ ಗಂಡಸು ಹೊಸ ಅಡುಗೆ ಕಲಿಯಬಾರದು; ಕಲಿತರೂ ಮನೆಯವರಿಗೆ ತಿಳಿಯಗೊಡಬಾರದು. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿದ ನನಗೆ ಈ ಬುದ್ಧಿ ತಡವಾಗಿ ಬಂತು. ಮೊಬೈಲಿನಲ್ಲಿ ಯಾರೋ ಹಸಿ ತರಕಾರಿಗೆ ಡಿಜಾನ್ ಸಾಸಿವೆ ಕಲಸುವುದನ್ನು ನೋಡಿ ಮರುಳಾಗಿ, ಗಂಗಾವತಿಯ ದೊಡ್ಡ ಅಂಗಡಿಯಿಂದ ಒಂದು ಬಾಟಲಿ ತಂದೆ. ಫ್ರಾನ್ಸಿನವರ ಪದ್ಧತಿಯಂತೆ ಸಾಸಿವೆಯನ್ನು ಹುಳಿಯಲ್ಲಿ ನುಣ್ಣಗೆ ಅರೆದಿಟ್ಟ ಹಳದಿ ಮುದ್ದೆ ಅದು. ಹೆಂಡತಿ ಶಾಂತಾ ಮುಚ್ಚಳ ತೆಗೆದು ಮೂಸಿ ಮುಖ ತಿರುಗಿಸಿದಳು. “ಹುಳಿ ನಾತ ಹೊಡೀತೈತ್ರಿ. ಗಂಗಾವತಿತನಕ ಹೋಗಿ ಕೆಟ್ಟಿದ್ದನ್ನ ಆರಿಸಿ ತಂದೀರಲ್ಲ!”

ಅವ್ವ ಇನ್ನೂ ಒಂದು ಹೆಜ್ಜೆ ಮುಂದೆ. ಸಾಸಿವೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಆ ಮುದ್ದೆಯನ್ನೇ ಒಂದು ಚಮಚ ತೆಗೆದು ಕಾದ ಎಣ್ಣೆಗೆ ಹಾಕಿ, ಸಿಡಿಯಲೆಂದು ಕಾಯುತ್ತ ನಿಂತಳು. ಅದು ಒಮ್ಮೆ ಚೊಂಯ್ ಎಂದು ತಳ ಹಿಡಿಯಿತು. “ತಮ್ಮಾ, ನಿನ್ನ ಸಾಸಿವಿ ಸಿಡೀವಲ್ದು. ಎಲ್ಲಾ ಜೊಳ್ಳು!”

“ಅದು ಸಿಡಿಸೂದಲ್ಲಬೇ, ಕಲಸೂದು” ಎಂದು ಎಷ್ಟು ಕೂಗಿದರೂ ಕೇಳುವವರಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ. ಒಗ್ಗರಣೆಯ ಸದ್ದು ಕೇಳಿದರೆ ಎಲ್ಲರೂ ತಾವಾಗಿ ಕೈ ತೊಳೆದು ಬರುತ್ತಾರೆ. ನನ್ನ ಅಡುಗೆಗೆ ಸದ್ದೇ ಇಲ್ಲ. ಒಂದು ವಾರ ಗಂಟಲು ಹರಿಯುವಂತೆ ಕರೆದು, ಕೊನೆಗೆ ನಾನೊಬ್ಬನೇ ಸೊಪ್ಪು ಮೇಯ್ದೆ. ಸಿಟ್ಟು ನೆತ್ತಿಗೇರಿ ಶಾಂತಾಳೊಡನೆ ಪಂಥ ಕಟ್ಟಿದೆ: “ಐತಾರ ನಿಮ್ಮಪ್ಪ ಬರ್ತಾರಲ್ಲ, ನನ್ನ ಅಡಿಗಿ ಎರಡನೇ ಸಲ ಹಾಕಿಸ್ಕೊಂಡ್ರ ಪ್ರತಿ ಐತಾರ ಅಡಿಗಿಮನಿ ನಂದು. ಇಲ್ಲಾಂದ್ರ ಮತ್ತ ಒಲಿ ಮುಟ್ಟಂಗಿಲ್ಲ.”

ಮಾವನವರು ಯಲಬುರ್ಗಾದಲ್ಲಿ ಕಿರಾಣಿ ಅಂಗಡಿ ನಡೆಸಿ ಸಾಸಿವೆಯ ಜಾತಿ ಬಲ್ಲವರು. ಆ ಭಾನುವಾರ ಸೌತೆ, ಮೂಲಂಗಿ, ಮೆಂತ್ಯ ಸೊಪ್ಪು ಹೆಚ್ಚಿ, ಡಿಜಾನ್ ಸಾಸಿವೆಗೆ ನಿಂಬೆರಸ, ಶೇಂಗಾ ಎಣ್ಣೆ ಕೂಡಿಸಿ ಕಲಸಿದೆ. ಬೇಯಿಸಿದ ಆಲೂಗಡ್ಡೆಗೂ ಅದನ್ನೇ ಸವರಿದೆ. “ಮಾವಾರ, ಊಟಕ್ಕ ಬರ್ರಿ” ಎಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. “ಅವಸರ ಇಲ್ರಿ ಅಳಿಯಾರ. ಒಗ್ಗರಣಿ ಆಗ್ಲಿ, ಬರ್ತೀನಿ.” ಮೂರು ಸಲ ಕರೆದೆ, ಮೂರು ಸಲವೂ ಅದೇ ಉತ್ತರ. ಸೊಪ್ಪು ಬಾಡಿ ನೀರು ಬಿಡತೊಡಗಿತು. ಶಾಂತಾ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ತಡೆಯಲಾಗದೆ ಬಾಣಲೆಗೆ ಎಣ್ಣೆ ಸುರಿದು, ಕಾದ ಮೇಲೆ ನಮ್ಮ ಕರಿ ಸಾಸಿವೆ ಒಂದು ಹಿಡಿ ಎಸೆದೆ. ಚಟಪಟ! ಮಾವನವರು ಕೈ ತೊಳೆದು ಬಂದು ಕೂತೇಬಿಟ್ಟರು.

ಉಂಡರು. ಎರಡನೇ ಸಲವೂ ಹಾಕಿಸಿಕೊಂಡರು. “ಒಗ್ಗರಣಿ ಭಾಳ ಛಲೋ ಬಿದ್ದೈತ್ರಿ ಅಳಿಯಾರ” ಎಂದರು. ಒಗ್ಗರಣೆ ಇನ್ನೂ ಬಾಣಲೆಯಲ್ಲೇ ಇತ್ತು.

ಹೀಗೆ ಗೆದ್ದೆ. ಅಂದಿನಿಂದ ಪ್ರತಿ ಭಾನುವಾರ, ಯಾವುದಕ್ಕೂ ಹಾಕದ ಒಂದು ಒಗ್ಗರಣೆಯನ್ನು ಮೊದಲು ಸಿಡಿಸಿ ಆಮೇಲೆ ಬಡಿಸುತ್ತೇನೆ. ಹೋದ ವಾರ ಗ್ಯಾಸ್ ಮುಗಿದು ಅದಕ್ಕೂ ಕಲ್ಲು ಬಿತ್ತು. ಆದರೆ ಹಸಿವೆ ತಾಳದೆ ಎಲ್ಲರೂ ತಾವೇ ಬಂದು ಕೂತು ಉಣ್ಣತೊಡಗಿದರು. ನನ್ನ ಕೈ ಮಾತ್ರ ತಟ್ಟೆಗೆ ಹೋಗಲಿಲ್ಲ.

“ಯಾಕೋ ತಮ್ಮಾ, ಉಣವಲ್ಲಿ?” ಎಂದಳು ಅವ್ವ.

“ಅಡಿಗಿ ಇನ್ನಾ ಆಗಿಲ್ಲಬೇ” ಎಂದೆ.