ಚಂದ್ರಚೂಡನು ಮೊಗ್ಗಿನ ಜಡೆಯನ್ನು ಸೆರೆಹಿಡಿದುದು

ಕೆಟ್ಟ ಚಿತ್ರಗಳ ಪಾಪವೆಲ್ಲ ಕ್ಯಾಮೆರಾಗಳ ತಲೆಗೇ ಬೀಳುತ್ತಿದ್ದ, ತೆಗೆಯುವವರ ಕೈಗಳೂ ಕಣ್ಣುಗಳೂ ನಿರಪರಾಧಿಗಳಾಗಿ ಮೆರೆಯುತ್ತಿದ್ದ ಆ ಮಹಾಯುಗಕ್ಕೆ ಕೈಮುಗಿದು, ಆ ಯುಗದ ತಿಲಕಪ್ರಾಯನೂ, ಬಂಧುಶಿರಚ್ಛೇದನವಿಶಾರದನೂ, ನಂಜನಗೂಡಿನ ಬೀದಿಗಳಲ್ಲಿ ಕ್ಯಾಮೆರಾಕಂಠಾಭರಣನಾಗಿ ಸಂಚರಿಸುತ್ತಿದ್ದವನೂ ಆದ ವೀರ ಚಂದ್ರಚೂಡನ ಚರಿತೆಯನ್ನು ಹೇಳುವೆನು. ಕಾಲು ಚಾಚಿ ಕೂತು ಕೇಳಿ, ಊಟಕ್ಕೆ ಇನ್ನೂ ಹೊತ್ತಿದೆ.

ಶಿರಚ್ಛೇದನವೆಂದರೆ ಗಾಬರಿಯಾಗಬೇಡಿ. ಆತನ ಹಳೆಯ ಕ್ಯಾಮೆರಾದಲ್ಲಿ ನಾಮಕರಣಕ್ಕೆ ಬಂದ ನೆಂಟರೆಲ್ಲ ಕೊರಳಿನವರೆಗೆ ಮಾತ್ರ ಮೂಡಿದ್ದರು, ಅಷ್ಟೆ. ಅದು ಲೆನ್ಸಿನ ದೋಷವೆಂದು ಲೋಕಕ್ಕೆ ಸಾರಿ, ಇದ್ದೊಂದು ಸ್ಕೂಟರನ್ನು ತ್ಯಾಗಮಾಡಿ, ಆತನು ನವಾಯುಧವನ್ನು ಸಂಪಾದಿಸಿದನು: ನೀಲಕಾಚನೇತ್ರವುಳ್ಳದ್ದು, ಗಜಗಂಭೀರಕಾಯವುಳ್ಳದ್ದು, ಮನುಷ್ಯರ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಮಾಯಾವಿ.

ಅದರ ಮೊದಲ ದಿಗ್ವಿಜಯಕ್ಕೆ ಒದಗಿದವಳು ಅಕ್ಕ ಸುಗುಣಳ ಮಗಳು, ಪುಟ್ಟ ಮೇದಿನಿ. ಮರುದಿನ ಬೆಟ್ಟಕ್ಕೆ ಹೋಗಿ ಅವಳ ಮುಡಿ ಕೊಡಬೇಕು, ಹರಕೆ. ಹೋಗುವ ಕೂದಲಿಗೆ ಒಂದೇ ಒಂದು ಸಲ ಮೊಗ್ಗಿನ ಜಡೆ ಹಾಕುವ ಆಸೆಯಿಂದ ಅಜ್ಜಿ ನಾಗಲಾಂಬ ಬೆಳಗಿನಿಂದ ಸೂಜಿ ಹಿಡಿದು, ಬಾಳೆಪಟ್ಟೆಯ ಮೇಲೆ ಮಲ್ಲಿಗೆಮೊಗ್ಗುಗಳನ್ನು ಒತ್ತೊತ್ತಾಗಿ ಹೊಲಿದಿದ್ದರು. ಹಳೆಯ ಪದ್ಧತಿಯಂತೆ ಮಗುವನ್ನು ಬೀರುವಿನ ನಿಲುವುಗನ್ನಡಿಗೆ ಬೆನ್ನು ಮಾಡಿ ನಿಲ್ಲಿಸಿದರು. ಮುಖವೂ ಬರಬೇಕು, ಕನ್ನಡಿಯೊಳಗೆ ಜಡೆಯೂ ಬರಬೇಕು. ಸಂಜೆಯಾದರೆ ಮೊಗ್ಗು ಬಿರಿದು ಜಡೆ ಕೆಡುತ್ತದೆ. ನಾಳೆಗೆ ತಲೆಯೇ ಬೋಳು.

"ಎಲೈ ದರ್ಪಣವೇ," ಎಂದು ಚಂದ್ರಚೂಡನು ಗರ್ಜಿಸಿದನು, "ನಿನ್ನ ಗರ್ಭದಲ್ಲಡಗಿದ ಜಡೆಯನ್ನು ಒಂದು ಮೊಗ್ಗೂ ತಪ್ಪದಂತೆ ಹೊರಗೆಳೆಯದಿದ್ದರೆ, ನಾನು ಈ ಕ್ಯಾಮೆರಾಪಟ್ಟಿಯನ್ನು ಕೊರಳಿಗೆ ಧರಿಸಿದವನೇ ಅಲ್ಲ."

"ಮೊದ್ಲು ಮುಚ್ಚಳ ತೆಗಿಯೋ," ಎಂದಳು ಸುಗುಣ.

ಪ್ರಥಮ ಪ್ರಹಾರಕ್ಕೆ ಕನ್ನಡಿಯಲ್ಲಿ ಎರಡನೆಯ ಸೂರ್ಯನು ಹುಟ್ಟಿ ಜಡೆಯನ್ನೂ ಬೀರುವನ್ನೂ ನುಂಗಿದನು. ಫ್ಲ್ಯಾಶನ್ನು ಮಡಚಿ ಮತ್ತೆ ಗುರಿಯಿಟ್ಟನು. ಮೇದಿನಿಯೋ ಬೇಸರದಿಂದ ತಲೆ ತಗ್ಗಿಸಿ ಕಾಲ್ಬೆರಳು ನೋಡುತ್ತಿದ್ದಳು. ಕಣ್ಣನ್ನರಸಿ ಹೊರಟ ಮಾಯಾಯಂತ್ರವು ಅವಳನ್ನು ದಾಟಿ, ಕನ್ನಡಿಯೊಳಗೆ ಹೊಂಚುಹಾಕಿದ್ದ, ಉಬ್ಬಿದ ಮೀಸೆಯ, ಬಾಯಿ ತೆರೆದ ಒಬ್ಬ ರಾಕ್ಷಸನನ್ನು ಗಬಕ್ಕನೆ ಹಿಡಿಯಿತು.

ಸುಗುಣ ಬಗ್ಗಿ ನೋಡಿದಳು. "ಎಷ್ಟು ಸ್ಪಷ್ಟವಾಗಿದೆಯೋ. ನಿನ್ನ ಮೂಗಿನ ಕೂದ್ಲೆಲ್ಲ ಕಾಣ್ತಿದೆ. ಜಡೆ ಎಲ್ಲಿ?"

"ಇದು ನನ್ನ ಪರಾಭವವಲ್ಲ, ಭಗಿನಿ. ಈ ಲೆನ್ಸು ಇಂಥ ಮಹಾಸಮರಕ್ಕೆ ಸಾಲದು. ಇನ್ನೊಂದು ಬೇಕು."

"ಇನ್ನೊಂದು ತರಕ್ಕೆ ಇನ್ನೊಂದು ಸ್ಕೂಟ್ರು ಎಲ್ಲಿದೆಯಪ್ಪ?"

ಬಾಣದ ಮೇಲೆ ಬಾಣ ಬಿಟ್ಟನು. ಪ್ರತಿಯೊಂದರಲ್ಲೂ ಅದೇ ಮೀಸೆ, ಅದೇ ಬಾಯಿ. ಕಿಟಕಿಯ ಬಿಸಿಲು ಕೆಂಪಾಯಿತು.

"ಚಂದ್ರೂ, ತುದೀಲಿ ಬಿರಿಯಕ್ಕೆ ಶುರುವಾಯ್ತು ಕಣೋ," ಎಂದರು ಅಜ್ಜಿ, ಸೂಜಿ ಚುಚ್ಚಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತ. ಸಮರಶೂರನು ಇನ್ನೊಂದು ಬಾಣ ಬಿಟ್ಟನು, ಮತ್ತೆ ಅದೇ ಮೀಸೆ.

ಅಷ್ಟರಲ್ಲಿ ಮೇದಿನಿ, ತನ್ನ ಜಡೆಯನ್ನು ತಾನೂ ಕಾಣೋಣವೆಂದು ಕತ್ತು ಹೊರಳಿಸಿ ಕನ್ನಡಿಯನ್ನು ನೋಡಿದಳು.

"ಮಾಮ, ಇದ್ರಲ್ಲಿ ಬರೀ ನೀನೇ ಇದೀಯ. ಆ ಕಡೆ ಹೋಗು."

ಆಗ ಭೂಮಿ ನಡುಗುವಂತೆ ಪಾದವನ್ನೆತ್ತಿ, ದಿಕ್ಕುಗಳು ಬೆದರುವಂತೆ ಅದನ್ನಿಟ್ಟು, ಆ ಮಹಾವೀರನು ಅಕ್ಕಿಡಬ್ಬದ ಪಕ್ಕಕ್ಕೆ ಸರಿದನು. ಮಂಡಿಯೂರಿದನು. ಮಗು ಇತ್ತ ತಿರುಗಿ ತಲೆಯೆತ್ತಿತು. ಕ್ಲಿಕ್.

ಮುಖ ಬಂದಿತ್ತು. ಹಿಂದೆ ಗಾಜಿನೊಳಗೆ ಜಡೆ ಬಂದಿತ್ತು, ನೆತ್ತಿಯಿಂದ ಸೊಂಟದವರೆಗೆ, ತುದಿಯಲ್ಲಿ ಮಾತ್ರ ನಾಲ್ಕಾರು ಹೂ ಅರೆಬಿರಿದು.

"ಹೊಸ ಕ್ಯಾಮೆರಾ ಅಂದ್ರೆ ಹೊಸ ಕ್ಯಾಮೆರಾನೇ," ಎಂದನು ಚಂದ್ರಚೂಡ, ಬೆವರೊರೆಸಿಕೊಂಡು.

"ಪಕ್ಕಕ್ಕೆ ಸರಿದೆಯಲ್ಲ, ಅದಕ್ಕೆ ಬಂತು. ಹಳೇದನ್ನ ಹಿಡ್ಕೊಂಡೂ ಸರೀಬೋದಿತ್ತು," ಎಂದಳು ಸುಗುಣ.

ಅಜ್ಜಿ ಕ್ಯಾಮೆರಾದ ಅಂಗೈಯಗಲದ ಪರದೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಆಮೇಲೆ ಮೊಮ್ಮಗಳಿಗೆ ತೋರಿಸಿದರು.

"ಇಷ್ಟೇನಾ?" ಎಂದಳು ಮೇದಿನಿ. "ಬೆನ್ನ ಮೇಲೆ ತುಂಬಾ ಭಾರ ಇತ್ತು."

ಮತ್ತೆ, "ಬಿಚ್ಚಜ್ಜಿ, ತಲೆ ಕೆರೀತಿದೆ."