ಗುಡ್ಡದ ಊರಿಗೆ ದೋಣಿ

ನಮ್ಮ ಕೆಲಸದಾಗ ನಗುವಂಥಾವು ದಿನಾ ಆಗ್ತಾವ್ರೀ. ನಗಾಕ ಮಾತ್ರ ಬಾಯಿ ಬರಂಗಿಲ್ಲ. ನಾನು ಧಾರವಾಡದ ಕಡೆಯವ. ನಾಗಪುರಕ್ಕ ವರ್ಗ ಆಗಿ ಬಂದು, ಜಿಲ್ಲಾದಾಗ ಯಾವ ಯಾವ ಹಳ್ಳಿಗೆ ಹೊಳಿ ನೀರು ನುಗ್ಗತೈತಿ ಅಂತ ಬರಕೊಂಡು ಬರೋ ಕೆಲಸಕ್ಕ ಬಿದ್ದೆ. ಪಟ್ಟಿಯೊಳಗ ಹೆಸರು ಬಂದ ಊರಿಗೆ ಒಂದು ದೋಣಿ ಸಿಗತಿತ್ತು. ಬರದಿದ್ದ ಊರಿಗೆ ದೇವರೇ ಗತಿ.

೧. ಕಡೀ ಕಾಲಂ

ಫಾರ್ಮ್ ಮರಾಠಿಯೊಳಗಿತ್ತು. ಕಡೀ ಕಾಲಂ ಮ್ಯಾಲೆ ಒಂದ ಶಬ್ದ: 'ಪೂರ'. ನನ್ನ ಮರಾಠಿ ಆಗ ಎಂಟು ದಿನದ ಕೂಸು. 'ಫಾರ್ಮ್ ಪೂರಾ ಆತೇನು' ಅಂತ ಕೇಳ್ಯಾರ, ಸರ್ಕಾರಿ ಛಾಪಖಾನಿ ದೀರ್ಘ ನುಂಗೇತಿ ಅಂದ್ಕೊಂಡೆ.

ಗುಡ್ಡದ ಮ್ಯಾಲಿನ ಊರಾಗ ಸರಪಂಚ ಚಹಾ ಕುಡಿಸಿ ಜಲ್ದಿ ಜಲ್ದಿ ಎಲ್ಲಾ ಹೇಳಿ ಮುಗಿಸಿದ. ಪೂರ? 'ಹೋಯ್', ಹೌದು ಅಂತ ಬರದೆ. ಕೆಳಗ ಹೊಳಿ ದಂಡಿ ವಸ್ತಿಯೊಳಗ ಒಬ್ಬಾಕಿ ಆಜಿ ನನ್ನ ಕೈ ಹಿಡಕೊಂಡು ಕೂತ್ಲು. ಯಾವ ಸಲ ನೀರು ಎಲ್ಲೀತನಾ ಬಂತು, ಯಾವ ಆಡು ತೇಲಿ ಹೋತು, ಯಾವ ಸೊಸಿ ಗಿಡ ಹತ್ತಿ ಕೂತ್ಲು, ಒಂದೂ ಬಿಡಲಿಲ್ಲ. ಅಷ್ಟರಾಗ ಕಡೀ ಬಸ್ ಬಂತು, ಫಾರ್ಮ್ ಅರ್ಧಾ ಉಳೀತು. ಪೂರ? 'ನಾಹೀ', ಇಲ್ಲ.

ಮುಂದ ಒಂದಿನ ಆ ಕಾಗದದ ನಕಲು ಮಗಳ ಕೈಗೆ ಸಿಕ್ತು. ಇಲ್ಲಿ ಸಾಲಿ ಸೇರಿದ ತಿಂಗಳಾಗ ನನಗಿಂತ ಚಲೋ ಮರಾಠಿ ಕಲ್ತಿದ್ಲು. "ಅಪ್ಪಾ, ಪೂರ ಅಂದ್ರ ಹೊಳಿ ಉಕ್ಕಿ ಬರೋದು! ಗುಡ್ಡದ ಮ್ಯಾಲೆ ಹೆಂಗ ಬಂತು?"

'ಮಹಾಪೂರ' ನನಗ ಸಣ್ಣವಿದ್ದಾಗಿಂದ ಗೊತ್ತು. 'ಮಹಾ' ತಗದ ಕೂಡ್ಲೆ ಗುರುತು ಸಿಗಲಿಲ್ಲ ನೋಡ್ರಿ.

೨. ಪೂರಕ್ಕ ಪುರಾವೆ

ನಮ್ಮ ಆಫೀಸಿನ ಸಾಹೇಬರ ಕಡೆ ಓಡಿದೆ. "ಪಟ್ಟಿ ಮ್ಯಾಲಿನವರ ಕಡೆ ಹೋಗೇತಿ," ಅಂದ್ರು. "ಬದಲಿ ಮಾಡಬೇಕಂದ್ರ ಆ ವಸ್ತಿಗೆ ಹಿಂದ ಪೂರ ಬಂದಿತ್ತು ಅನ್ನೋದಕ್ಕ ಪುರಾವೆ ತಾ."

ಗ್ರಾಮಸೇವಕನ್ನ ಹಿಡದೆ. "ಹಳೇ ಪೂರದ ರಜಿಸ್ಟರ್ ಇತ್ರಿ," ಅಂದ. "ಹೋದ ಪೂರದಾಗ ಹೋತು."

ಸಾಹೇಬ್ರು ವಿಚಾರ ಮಾಡಿದ್ರು. "ಹಂಗಾರ ರಜಿಸ್ಟರ್ ಪೂರದಾಗ ಹೋತು ಅಂತರೆ ಬರಸ್ಕೊಂಡು ಬಾ."

ಗ್ರಾಮಸೇವಕ ತಲಿ ಕೆರಕೊಂಡ. "ಬರಕೊಡಬೌದ್ರಿ. ಆದ್ರ ಏನ ಬರಕೊಟ್ರೂ ರಜಿಸ್ಟರ್ ನೋಡೇ ಕೊಡಬೇಕು ಅಂತ ನಿಯಮ ಐತಿ."

೩. ಸುಣ್ಣ

ಒಂದ ಪುರಾವೆ ಉಳದಿತ್ತು. ಆಜಿ ಮನಿ ಗೋಡಿ ಮ್ಯಾಲೆ ನನ್ನ ಎದಿ ಮಟ್ಟಕ್ಕ ನೀರು ನಿಂತ ಗೆರಿ. "ಕಣ್ಣಾರೆ ನೋಡ್ರಿ" ಅಂತ ಸಾಹೇಬ್ರನ್ನ ಕೈಕಾಲು ಬಿದ್ದು ಒಪ್ಪಿಸಿದೆ. ಅಷ್ಟಕ್ಕ ಸುಮ್ಮನಿರಬೇಕೋ ಬ್ಯಾಡೋ? "ಸಾಹೇಬ್ರು ಬರಾಕತ್ತಾರ" ಅಂತ ವಸ್ತಿಗೆ ಫೋನ್ ಮಾಡಿದೆ, ಹುಚ್ಚಪ್ಪ.

ಹೋಗಿ ನೋಡಿದ್ರ ಅಂಗಳದ ತುಂಬ ರಂಗೋಲಿ. ಮನಿಮನಿಗೆ ಸುಣ್ಣ. ಆಜಿ ಗೋಡಿ ಬಿಳೇ ಹಾಳಿಯಂಗ ಆಗಿತ್ತು.

"ಗೆರಿ ಎಲ್ಲೈತಿ?" ಸಾಹೇಬ್ರು ಕೇಳಿದ್ರು.

ಆಜಿ ಸೆರಗು ಸರಿಮಾಡ್ಕೊಂಡು ಹೆಮ್ಮಿಲೆ ಹೇಳಿದ್ಲು: "ಎರಡ ಸಲ ಬಳದೇನಿ. ಒಂಚೂರೂ ಕಾಣಂಗಿಲ್ಲ."

ಸಾಹೇಬ್ರು 'ವಸ್ತಿ ಸ್ವಚ್ಛ ಐತಿ' ಅಂತ ಷರಾ ಬರದು ಜೀಪ್ ಹತ್ತಿದ್ರು. "ನಮ್ಮ ದೋಣಿ ಯಾವಾಗ ಬರತೈತಿ, ಬಾಬಾ?" ಅಂತ ಆಜಿ ನನ್ನ ಕೇಳಿದ್ಲು. ನಾನು ಚಪ್ಪಲಿ ಮೆಟ್ಟೋ ನೆವ ಮಾಡಿ ಮಾರಿ ಕೆಳಗ ಹಾಕಿದೆ.

೪. ಬಂತು ದೋಣಿ

ಬ್ಯಾಸಿಗ್ಯಾಗ ದೋಣಿ ಬಂತು. ಗುಡ್ಡದ ಊರಿಗೆ.

ಸರಪಂಚ ನನಗ ಫೋನ್ ಮಾಡಿದ: "ಸಾಹೇಬ, ನಮಗ ಕುಡಿಯೋ ನೀರ ಟ್ಯಾಂಕರಿನಾಗ ಬರತಾವ. ಇದನ್ನ ಟ್ಯಾಂಕರಿನಾಗ ಬಿಡೋಣೇನು?"

"ಕೆಳಗಿನ ವಸ್ತಿಗೆ ಕೊಟ್ಟುಬಿಡ್ರಿ, ಪುಣ್ಯಾ ಬರತೈತಿ" ಅಂದೆ.

"ಊರ ಹದ್ದು ದಾಟಸಬಾರದು ಅಂತ ಬರಸ್ಕೊಂಡಾರ. ಸಹಿ ಮಾಡೇನಿ."

ಆ ಊರಾಗ ಲಗ್ನ ಆದ ಜೋಡಿಗೋಳು ಅದರಾಗ ಕೂತು ಫೋಟೋ ತಗಸ್ಕೊಂಡ್ರು. ಲಗ್ನದ ಸೀಜನ್ ಮುಗದ ಮ್ಯಾಲೆ ದನದ ಮೇವು ತುಂಬಿದ್ರು. ಸಾಹೇಬ್ರು ವರದಿಯೊಳಗ 'ದೋಣಿ ಸುಸ್ಥಿತಿಯೊಳಗೈತಿ, ಉಪಯೋಗದಾಗೈತಿ' ಅಂತ ಬರದ್ರು. ಸುಳ್ಳೇನಲ್ಲ ಬಿಡ್ರಿ.

೫. ಒಂದ ಶಬ್ದ

ಶ್ರಾವಣದಾಗ ಮೂರು ದಿನ ಹಿಡದ ಮಳಿ ಬಿಡಲಿಲ್ಲ. ನಾಕನೇ ದಿನ ಮುಂಜಾನೆ ಆಫೀಸಿನಾಗ ಕೂತಿದ್ದೆ, ಆಜಿ ಫೋನ್ ಬಂತು.

"ಬಾಬಾ, ಪೂರ ಆಲಾ. ಪೂರ ಬಂತು. ಈಗರೆ ಬರಕೋ."

ಬೈದಿದ್ರ ತಡಕೋತಿದ್ದೆ. ಬೈಲಿಲ್ಲ ಆಕಿ. ಸರಪಂಚಗ ಫೋನ್ ಹಚ್ಚಿದೆ: "ದೋಣಿ ಇಳಸ್ರೀ!"

"ಹದ್ದು...?"

"ಹದ್ದು ಸುಡ್ಲಿ! ನನ್ನ ಹೆಸರು ಹೇಳ್ರಿ!"

ಮೇವು ಚೆಲ್ಲಿ, ದೋಣಿ ಟ್ರ್ಯಾಕ್ಟರಿಗೆ ಹೇರ್ಕೊಂಡು ಇಳದ್ರು ಪುಣ್ಯಾತ್ಮರು. ವಸ್ತಿ ಮಂದಿನೆಲ್ಲಾ ದಂಡಿಗೆ ಮುಟ್ಟಿಸಿದ್ರು. ಕಡೀಕ ಬಂದಾಕಿ ಆಜಿ, ತೊಡಿ ಮ್ಯಾಲೆ ಒಂದ ಆಡು. ಆಕಿ ದೋಣ್ಯಾಗ ಕುಂತ ಸ್ವಲ್ಪ ಹೊತ್ತಿಗೆ ಆ ಸುಣ್ಣದ ಗೋಡಿ ಕುಸದು ನೀರಾಗ ಹೋತಂತ. 'ಎಲ್ಲಾರೂ ಬಂದ್ರು' ಅಂತ ಸರಪಂಚ ಹೇಳಿದಾಗ ನಾನು ಖುರ್ಚಿ ಮ್ಯಾಲೆ ಕೂತಲ್ಲೇ ಅತ್ತೆ. ನಾಚಿಕಿ ಏನಿಲ್ಲ ಹೇಳಾಕ. ನನ್ನ ತಪ್ಪಿಲೆ ಮುಳಗಬೇಕಾಗಿದ್ದವ್ರು, ನನ್ನ ತಪ್ಪಿನ ದೋಣ್ಯಾಗ ಕೂತು ಬಂದಿದ್ರು.

ವಾರದಾಗ ನನಗ ನೋಟೀಸ್ ಬಂತು. 'ಗುಡ್ಡದ ಊರಿನ ದೋಣಿ ಹದ್ದು ದಾಟಿಸಿ ನೀರಿಗೆ ಇಳಿಸಲು ಕಾರಣವೇನು? ಲಿಖಿತ ಉತ್ತರ ಕೊಡತಕ್ಕದ್ದು.'

ಆ ಶಬ್ದ ಈಗ ನನಗ ಬರೋಬರ್ ಗೊತ್ತಿತ್ತು. ಕಾಗದದ ನಡುವ ದಪ್ಪ ಅಕ್ಷರದಾಗ ಬರದು ಕೊಟ್ಟೆ: 'ಪೂರ.'

ಸಂಜಿಮುಂದ ಕಾಗದ ತಿರುಗಿ ಬಂತು. ಕೆಳಗ ಕೆಂಪು ಶಾಯಿಯೊಳಗ ಸಾಹೇಬರ ಷರಾ:

'ಉತ್ತರ ಪೂರಾ ಇಲ್ಲ.'