ಕೆಂಪು ಕಂಡಲ್ಲೆಲ್ಲ ಬ್ರೇಕು

‘ಗೊತ್ತಿಲ್ಲ’ ಎನ್ನುವ ಮಾತು ನನ್ನ ಬಾಯಿಂದ ಸಲೀಸಾಗಿ ಬರುವುದಿಲ್ಲ. ಯಾಕೋ ಗೊತ್ತಿಲ್ಲ. ನೋಡಿ, ಈಗ ಬಂತು, ಬರಬೇಕಾಗಿದ್ದಾಗ ಬರಲಿಲ್ಲ. ಹೊಸದುರ್ಗದಿಂದ ಹೊಳಲ್ಕೆರೆ ಮೇಲೆ ಚಿತ್ರದುರ್ಗಕ್ಕೆ ಬಸ್ಸು ಓಡಿಸಿ ತಲೆ ನರೆಸಿಕೊಂಡವನು ನಾನು. ಡ್ರೈವರ್ ಸೀಟಿನಲ್ಲಿ ಕೂತವನು ಗೊತ್ತಿಲ್ಲ ಅಂದರೆ ಪ್ಯಾಸೆಂಜರು ಇಳಿದು ಹೋಗುತ್ತಾರೆ.

ನಿವೃತ್ತನಾದ ಮೇಲೆ, ಮೊಬೈಲಿನಲ್ಲಿ ಇನ್ನೂ ನೆಟ್ಟಗೆ ಚಿತ್ರ ಬರದಿದ್ದ ಆ ಕಾಲದಲ್ಲಿ, ದುರ್ಗದ ಸ್ಟುಡಿಯೋ ನಾಗರಾಜನಿಂದ ಹಳೆಯ ವಿಡಿಯೋ ಕ್ಯಾಮೆರಾ ಕೊಂಡೆ. ಅಷ್ಟರಲ್ಲಿ ತಂಗಿ ಗಿರಿಜೆಯ ಮಗಳು ಸೌಮ್ಯಳಿಗೆ ಹೊಳಲ್ಕೆರೆಯಲ್ಲಿ ಮದುವೆ ಗೊತ್ತಾಯಿತು. ಗಿರಿಜೆಯ ಗಂಡ “ಸ್ಟುಡಿಯೋದವರಿಗೇ ಹೇಳಾಣ ಭಾವ” ಎಂದ. “ನಾನು ಸತ್ತೀನೇನಪ್ಪ?” ಎಂದೆ. ಹಸೆಮಣೆಗೆ ಹುಡುಗಿಯನ್ನು ಸೋದರಮಾವ ಕೈ ಹಿಡಿದು ಕರೆತರುವುದು ನಮ್ಮಲ್ಲಿ ವಾಡಿಕೆ. ಆ ಕೆಲಸವನ್ನೂ ತಮ್ಮನಿಗೆ ಬಿಟ್ಟುಕೊಟ್ಟೆ. ನನ್ನ ಕೈಗೆ ಕ್ಯಾಮೆರಾ ಬಂದಿತ್ತಲ್ಲ.

ಅದಕ್ಕೆ ಮುಂಚೆ ಹಿರಿಯೂರಿನ ಒಂದು ನಾಮಕರಣದಲ್ಲಿ ಕೈ ಪಳಗಿಸಿಕೊಳ್ಳಲು ಹೋಗಿದ್ದೆ. ಫೋಕಸ್ಸನ್ನು ಕ್ಯಾಮೆರಾಕ್ಕೇ ಬಿಟ್ಟರೆ ಅದು ಎದುರಿಗೆ ಹಾದುಹೋದವರ ಬೆನ್ನಿಗೆಲ್ಲ ಅಂಟಿಕೊಂಡು ಮಗುವನ್ನು ಮರೆತೇಬಿಟ್ಟಿತ್ತು. ನಾಗರಾಜನಿಗೆ ದೂರು ಒಯ್ದೆ.

“ಕೈಯಾಗೇ ಫೋಕಸ್ ಮಾಡ್ರಿ ಯಜಮಾನ್ರೆ” ಎಂದು ಏನೇನೋ ಒತ್ತಿದ. “ಲೆನ್ಸಿನ ಸುತ್ತ ಇರೋ ಈ ಬಳೆ ತಿರುಗಿಸ್ತಾ ಹೋದ್ರೆ ಸ್ಕ್ರೀನಿನಾಗೆ ಅಂಚೆಲ್ಲ ಕೆಂಪಗೆ ಮಿಂಚ್ತೈತೆ. ಟೇಪಿಗೆ ಅದು ಬರಲ್ಲ, ನಿಮ್ಮ ಕಣ್ಣಿಗಷ್ಟೇ. ಹಂಗೆ ಮಿಂಚಿದ್ರೆ...”

“ಗೊತ್ತಪ್ಪ, ಗೊತ್ತು” ಎಂದೆ. ಕೆಂಪು ಅಂದರೇನು ಅಂತ ಡ್ರೈವರಿಗೆ ಹೇಳಿಕೊಡಬೇಕೆ?

ಮದುವೆಯ ದಿನ ಆ ಅಂಗೈಯಗಲದ ಸ್ಕ್ರೀನಿನಲ್ಲಿ ನನ್ನ ಕಣ್ಣಿಗೆ ಎಲ್ಲವೂ ಮಬ್ಬು, ಕೆಂಪೊಂದೇ ಸ್ಪಷ್ಟ. ಬಳೆ ಎಡಕ್ಕೆ ತಿರುಗಿಸಿದರೆ ಮದುಮಗನ ಮೂಗಿನ ಅಂಚಿಗೆ ಕೆಂಪು, ಬಲಕ್ಕೆ ತಿರುಗಿಸಿದರೆ ಹಿಂದಿನ ಬಾಳೆಕಂಬಕ್ಕೆ ಕೆಂಪು. ಒಂದು ಕಡೆ ಆರಿಸಿದರೆ ಇನ್ನೊಂದು ಕಡೆ ಹೊತ್ತಿಕೊಳ್ಳುತ್ತಿತ್ತು. ತಾಳಿ ಕಟ್ಟುವ ಹೊತ್ತಿಗಂತೂ ಬಾಸಿಂಗದ ಜರಿಯೆಲ್ಲ ಕೆಂಪೋ ಕೆಂಪು. ನನ್ನ ಕಾಲು ತಾನಾಗಿ ಬ್ರೇಕು ಹುಡುಕಿತು. ಕೊನೆಗೆ ಬಳೆಯನ್ನು ಒಂದು ಕೊನೆ ಮುಟ್ಟುವವರೆಗೂ ತಿರುಗಿಸಿದೆ. ಕೆಂಪು ಪೂರ್ತಿ ಹೋಯಿತು. ಹಾಗೇ ಬಿಗಿಯಾಗಿ ಹಿಡಿದು, ತೃಪ್ತಿಯಿಂದ ಗಟ್ಟಿಮೇಳ ಮುಗಿಸಿದೆ.

ವಾರದ ಮೇಲೆ ಗಿರಿಜೆಯ ಮನೆಯಲ್ಲಿ ಎಲ್ಲರೂ ಟೀವಿ ಮುಂದೆ ಕೂತರು. ಬಣ್ಣಬಣ್ಣದ ಮೋಡಗಳು ಅಕ್ಷತೆ ಹಾಕಿದವು. ಒಂದು ಹಳದಿ ಮೋಡ ಇನ್ನೊಂದು ಮೋಡಕ್ಕೆ ಏನೋ ಕಟ್ಟಿತು.

“ಅಣ್ಣಾ, ಇದ್ರಾಗೆ ಸೌಮ್ಯ ಯಾವ್ದು?” ಎಂದಳು ಗಿರಿಜೆ. ನಗುತ್ತಲೇ ಕೇಳಿದಳು, ಆದರೆ ಸೆರಗು ಕಣ್ಣಿಗೆ ಹೋಯಿತು. ಮಗಳು ಗಂಡನ ಮನೆಗೆ ಹೋಗಿಯಾಗಿತ್ತು.

ಎದ್ದು ಹೋಗಿ ನಾಗರಾಜನಿಗೆ ಫೋನು ಮಾಡಿದೆ. “ಕೆಂಪು ಬಂದ್ರೆ ಫೋಕಸ್ ಸರಿ ಐತೆ ಅಂತ, ಮಾರಾಯ್ರೆ! ನೀವು ಅದನ್ನೇ ಓಡ್ಸಿದ್ರಾ?” ಎಂದ. ನಾನು ಫೋನಿಟ್ಟೆ.

ಒಳಗೆ ಬಂದರೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಊಟಕ್ಕೆ ಕೂತಾಗ ಕ್ಯಾಮೆರಾವನ್ನು ಆಫ್ ಮಾಡಲು ಮರೆತು ಎಲೆಯ ಪಕ್ಕದಲ್ಲೇ ಇಟ್ಟಿದ್ದೆನಂತೆ. ಬಳೆ ಇನ್ನೂ ಅದೇ ಕೊನೆಯಲ್ಲಿತ್ತು, ತೀರ ಹತ್ತಿರದ್ದಷ್ಟೇ ಸ್ಪಷ್ಟ ಕಾಣುವ ಕೊನೆ. ಟೀವಿಯ ತುಂಬ ನಾನೇ, ಮೀಸೆಗೆ ಅಂಟಿದ ಶಾವಿಗೆಯ ಎಳೆಯ ಸಮೇತ ಅಚ್ಚುಕಟ್ಟಾಗಿ ಮೂಡಿದ್ದೆ. ಹಿಂದೆ ಮಬ್ಬಾಗಿ ನಿಂತ ಗಿರಿಜೆ ಯಾರಿಗೋ ಹೇಳುತ್ತಿದ್ದಳು: “ಸ್ಟುಡಿಯೋದವ್ರು ಯಾಕ್ರಿ? ನಮ್ಮಣ್ಣಂಗೆ ಎಲ್ಲಾ ಗೊತ್ತು.”

ಈಗಲೂ ಮನೆಗೆ ಬಂದವರಿಗೆ ಅವಳು ಆ ತುಣುಕನ್ನು ಹಾಕಿ ತೋರಿಸುತ್ತಾಳೆ. ತೋರಿಸುವಂಥದ್ದು ಅದೊಂದೇ ಅಲ್ಲವೇ. ನಾನು ಬೇಡ ಅನ್ನುವುದಿಲ್ಲ. ಮೀಸೆ, ಶಾವಿಗೆ ಎಲ್ಲ ಇರಲಿ, ಸೌಂಡು ಮಾತ್ರ ಕಡಿಮೆ ಮಾಡಮ್ಮ ಎಂದು ಕೇಳಿಕೊಂಡಿದ್ದೇನೆ.